ಹಲ್ಲು ಕಟ್ಟುವ ಪ್ರೋಟೀನ್: ಒಂದು ಪುಟ್ಟ ಶೀಶೆಯ ಲೇಬಲ್ ಓದಿದಾಗ

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

 

ಕಾಮರ್ಸ್ ಓದುವ ಹುಡುಗ ಪ್ರೋಟೀನ್ ಬಗ್ಗೆ ಯಾಕೆ ಬರೆಯುತ್ತಿದ್ದಾನೆ ಎಂದು ನಮ್ಮ ಸೈನ್ಸ್ ವಿಭಾಗದ ಗೆಳೆಯರು ನಗಬಹುದು. ಕಾರಣ ನನ್ನ ಬಾಯಿಯೊಳಗೇ ಇದೆ. ನನ್ನ ಮುಂದಿನ ನಾಲ್ಕು ಹಲ್ಲುಗಳ ಮೇಲೆ ಕಂದು ಬಣ್ಣದ ಗೆರೆಗಳಿವೆ. ಹೈಸ್ಕೂಲಿನಲ್ಲಿದ್ದಾಗ ಮೇಷ್ಟ್ರೊಬ್ಬರು ಇಡೀ ತರಗತಿಯ ಎದುರು, "ಏನೋ, ಗುಟ್ಕಾ ಹಾಕ್ತೀಯಾ?" ಎಂದು ಕೇಳಿದ್ದರು. ನಮ್ಮ ಮನೆಯಲ್ಲಿ ಅಬ್ಬಾ ಬೀಡಿ ಕೂಡ ಮುಟ್ಟುವವರಲ್ಲ. ಅಂದಿನಿಂದ ಫೋಟೋ ತೆಗೆಯುವಾಗಲೆಲ್ಲ ನಾನು ತುಟಿ ಬಿಗಿದುಕೊಂಡೇ ನಿಲ್ಲುವುದು.

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ದಂತ ತಪಾಸಣಾ ಶಿಬಿರ ನಡೆಯಿತಲ್ಲ, ಆಗ ಡಾಕ್ಟರ್ ಮೇಡಂ ನನ್ನ ಹಲ್ಲು ನೋಡಿ, "ಇದು ಉಜ್ಜದೆ ಬಂದದ್ದಲ್ಲಪ್ಪಾ, ಚಿಕ್ಕವನಿದ್ದಾಗ ಕುಡಿದ ನೀರಿನಿಂದ ಬಂದದ್ದು. ಫ್ಲೋರೋಸಿಸ್ ಅಂತಾರೆ" ಎಂದರು. "ಇದು ಹೋಗಿ ಹೊಸ ಎನಾಮೆಲ್ ಬರುತ್ತಾ ಮೇಡಂ?" ಎಂದು ಕೇಳಿದೆ. "ಇಲ್ಲ. ಎನಾಮೆಲ್ ಜೀವನದಲ್ಲಿ ಒಂದೇ ಸಲ ಬರೋದು" ಎಂದರು.

ಒಂದೇ ಸಲ ಯಾಕೆ? ಕೈ ಕೊಯ್ದರೆ ಚರ್ಮ ಬರುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಹಲ್ಲಿಗೆ ಮಾತ್ರ ಯಾಕೆ ಈ ನಿಯಮ? ಈ ಪ್ರಶ್ನೆ ತಲೆಯಲ್ಲೇ ಉಳಿಯಿತು. ಈ ಸಲ ರಂಜಾನ್ ಹಬ್ಬಕ್ಕೆ ಬಂದಿದ್ದ ನನ್ನ ಖಾಲಾ ಮಗಳನ್ನು ಕೇಳಿದೆ. ಆಪಾ ಬೆಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದಾರೆ. ಅವರು ಶೀರ್ ಖುರ್ಮಾ ಬಟ್ಟಲು ಪಕ್ಕಕ್ಕಿಟ್ಟು, ಮೊಬೈಲಿನಲ್ಲಿ ಒಂದು ಪುಟ ತೆರೆದು ತೋರಿಸಿದರು. ಪ್ರಯೋಗಾಲಯಗಳಿಗೆ ಮಾರುವ ಒಂದು ಪ್ರೋಟೀನಿನ ವಿವರಪಟ್ಟಿ ಅದು. "ನೀನು ಬಿಲ್ಲು, ವೋಚರ್ ಓದೋದು ಕಲಿತಿದ್ದೀಯಲ್ಲ, ಇದನ್ನೂ ಹಾಗೇ ಒಂದೊಂದೇ ಸಾಲು ಓದು. ನಿನ್ನ ಉತ್ತರ ಇದರಲ್ಲೇ ಇದೆ" ಎಂದರು.

ಅದರಲ್ಲಿ ಬರೆದಿದ್ದದ್ದು ಇಷ್ಟು. ಹೆಸರು: ಅಮೆಲೋಜೆನಿನ್. ಮೂಲ: ಮಾನವ. ತಯಾರಿಕೆ: ರಿಕಾಂಬಿನಂಟ್, ಇ. ಕೋಲಿಯಲ್ಲಿ. ಟ್ಯಾಗ್: ಹಿಸ್. ಶುದ್ಧತೆ: ಶೇಕಡ 90ಕ್ಕಿಂತ ಹೆಚ್ಚು. ಶೇಖರಣೆ: ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಕೊನೆಯ ಸಾಲು: ಸಂಶೋಧನಾ ಬಳಕೆಗೆ ಮಾತ್ರ. ಈ ಲೇಖನದಲ್ಲಿ ಈ ಸಾಲುಗಳನ್ನೇ ಒಂದೊಂದಾಗಿ ಬಿಡಿಸಿ ಹೇಳುತ್ತೇನೆ.

ಮೊದಲ ಸಾಲು: ಅಮೆಲೋಜೆನಿನ್ ಎಂದರೇನು?

ನಮ್ಮ ಹಲ್ಲಿನ ಮೇಲಿನ ಬಿಳಿ ಹೊದಿಕೆಯೇ ಎನಾಮೆಲ್, ಅಂದರೆ ದಂತಕವಚ. ಮನುಷ್ಯನ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೆ ಇಲ್ಲ. ತೂಕದ ಲೆಕ್ಕದಲ್ಲಿ ಇದರ ಶೇಕಡ 96 ಭಾಗ ಖನಿಜ. ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು ಅವು. ಉಳಿದ ಶೇಕಡ 4ರಲ್ಲಿ ನೀರು ಮತ್ತು ಸ್ವಲ್ಪ ಪ್ರೋಟೀನ್ ಇವೆ.

ಆದರೆ ಹಲ್ಲು ದವಡೆಯೊಳಗೆ ಹುಟ್ಟುವಾಗ ಎನಾಮೆಲ್ ಹೀಗಿರುವುದಿಲ್ಲ. ಆಗ ಅದು ಮೆತ್ತಗಿರುತ್ತದೆ, ಅದರಲ್ಲಿ ಪ್ರೋಟೀನ್ ತುಂಬಿರುತ್ತದೆ. ಅಮೆಲೋಬ್ಲಾಸ್ಟ್ ಎಂಬ ಜೀವಕೋಶಗಳು ಸಾಲಾಗಿ ನಿಂತು ಆ ಪ್ರೋಟೀನನ್ನು ಸುರಿಸುತ್ತವೆ. ಹಾಗೆ ಸುರಿಸಿದ ಪ್ರೋಟೀನಿನಲ್ಲಿ ಸುಮಾರು ಶೇಕಡ 90ರಷ್ಟು ಒಂದೇ ಬಗೆಯದು. ಅದರ ಹೆಸರೇ ಅಮೆಲೋಜೆನಿನ್. ಎನಾಮೆಲಿನ್, ಅಮೆಲೋಬ್ಲಾಸ್ಟಿನ್ ಎಂಬ ಇನ್ನೆರಡು ಪ್ರೋಟೀನ್‌ಗಳೂ ಅಷ್ಟಿಷ್ಟು ಇರುತ್ತವೆ.

ಇದರ ಕೆಲಸ ಏನೆಂದು ನನಗೆ ಅರ್ಥವಾದದ್ದು ನಮ್ಮ ಅಬ್ಬಾ ಕೆಲಸದಿಂದ. ಅಬ್ಬಾ ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ರಜೆಯಲ್ಲಿ ನಾನೂ ಸೈಟಿಗೆ ಹೋಗುತ್ತೇನೆ. ಮನೆಗೆ ಮೋಲ್ಡ್ ಹಾಕುವ ಮೊದಲು ಸರ್ವೆ ಮರದ ಕಂಬ ನಿಲ್ಲಿಸಿ, ಮೇಲೆ ಹಲಗೆ, ಶೀಟು ಜೋಡಿಸುತ್ತಾರೆ. ಕಾಂಕ್ರೀಟು ಎಲ್ಲಿ ನಿಲ್ಲಬೇಕು, ಎಷ್ಟು ದಪ್ಪ ಇರಬೇಕು, ಯಾವ ಆಕಾರಕ್ಕೆ ಬರಬೇಕು ಎಂಬುದನ್ನು ಸೆಂಟ್ರಿಂಗ್ ನಿರ್ಧರಿಸುತ್ತದೆ. ಆದರೆ ಅದು ಮನೆಯ ಭಾಗವಲ್ಲ. ಮೋಲ್ಡ್ ಗಟ್ಟಿಯಾದ ಮೇಲೆ ಅದನ್ನು ಬಿಚ್ಚಲೇಬೇಕು.

ಅಮೆಲೋಜೆನಿನ್ ಹಲ್ಲಿನ ಸೆಂಟ್ರಿಂಗ್. ಅದರ ಅಣುಗಳು ತಾವಾಗಿಯೇ ಒಂದಕ್ಕೊಂದು ಸೇರಿ ಅತಿ ಸಣ್ಣ ಗುಂಡುಗಳಾಗುತ್ತವೆ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ನ್ಯಾನೋಮೀಟರ್ ಎನ್ನುತ್ತಾರೆ. ಈ ಗುಂಡುಗಳ ಅಡ್ಡಳತೆ ಕೆಲವೇ ಹತ್ತು ನ್ಯಾನೋಮೀಟರ್. ಇವುಗಳ ನಡುವೆ ಖನಿಜದ ಹರಳುಗಳು ಅಕ್ಕಪಕ್ಕ ಅಂಟಿಕೊಳ್ಳದೆ, ಉದ್ದುದ್ದ ಎಳೆಗಳಾಗಿ, ಒಂದೇ ದಿಕ್ಕಿಗೆ ಬೆಳೆಯುತ್ತವೆ. ಆಮೇಲೆ ಎರಡು ಕಿಣ್ವಗಳು ಬಂದು ಅಮೆಲೋಜೆನಿನನ್ನು ತುಂಡು ತುಂಡು ಮಾಡಿ ತೆಗೆದುಹಾಕುತ್ತವೆ. ಮೊದಲು ಕತ್ತರಿಸುವ ಕಿಣ್ವಕ್ಕೆ ಎಂಎಂಪಿ-20 ಎಂದೂ, ಕೊನೆಗೆ ಗುಡಿಸುವ ಕಿಣ್ವಕ್ಕೆ ಕೆಎಲ್‌ಕೆ-4 ಎಂದೂ ಹೆಸರು. ಖಾಲಿಯಾದ ಜಾಗಕ್ಕೆ ಹರಳುಗಳು ದಪ್ಪವಾಗಿ ತುಂಬಿಕೊಳ್ಳುತ್ತವೆ. ಮನೆಯ ಸೆಂಟ್ರಿಂಗಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಅದು ಕೆಳಗಿರುತ್ತದೆ, ಇದು ಕಾಂಕ್ರೀಟಿನ ಒಳಗೇ ಇರುತ್ತದೆ.

ಕೆಲಸ ಬಹಳ ನಿಧಾನ. ದಿನಕ್ಕೆ ಸುಮಾರು 4 ಮೈಕ್ರೋಮೀಟರ್ ದಪ್ಪ ಮಾತ್ರ ಕಟ್ಟುತ್ತದೆ. 2 ಮಿಲಿಮೀಟರ್ ಎಂದರೆ 2000 ಮೈಕ್ರೋಮೀಟರ್. ನಾಲ್ಕರಿಂದ ಭಾಗಿಸಿ ನೋಡಿ, 500 ದಿನ! ನಾವು ಒಂದು ಕಲ್ಲುಸಕ್ಕರೆಯನ್ನು ಕಟಕ್ ಎಂದು ಕಡಿಯುವ ಹಲ್ಲಿನ ಹಿಂದೆ ಇಷ್ಟು ದಿನಗಳ ಕೆಲಸ ಇದೆ.

ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೆ ಅಮೆಲೋಬ್ಲಾಸ್ಟ್ ಕೋಶಗಳು ಇರುವುದೇ ಇಲ್ಲ. ಕೆಲವು ಮೊದಲೇ ಸಾಯುತ್ತವೆ, ಉಳಿದವು ಹಲ್ಲು ಮೂಡುವಾಗ ಕಳಚಿಹೋಗುತ್ತವೆ. ಮೂಳೆಯಲ್ಲಿ ದುರಸ್ತಿ ಮಾಡುವ ಕೋಶಗಳು ಸದಾ ಇರುತ್ತವೆ, ಎನಾಮೆಲಿನಲ್ಲಿ ಒಂದೂ ಇಲ್ಲ. ಮೇಸ್ತ್ರಿ, ಕೂಲಿಯವರು ಎಲ್ಲರೂ ಸೈಟು ಬಿಟ್ಟು ಹೋದ ಮೇಲೆ ಬಿರುಕು ಮುಚ್ಚುವವರು ಯಾರು? ಡಾಕ್ಟರ್ ಮೇಡಂ "ಒಂದೇ ಸಲ" ಎಂದದ್ದು ಇದಕ್ಕೇ.

ನನ್ನ ಹಲ್ಲಿಗೆ ಆದದ್ದೇನು?

ನಾನು ಹುಟ್ಟಿದ್ದು ಕೋಲಾರ ಜಿಲ್ಲೆಯ ಹಳ್ಳಿಯೊಂದರಲ್ಲಿ. ಏಳು ವರ್ಷದವರೆಗೆ ಅಲ್ಲಿಯ ಬೋರ್‌ವೆಲ್ ನೀರನ್ನೇ ಕುಡಿದು ಬೆಳೆದೆ. ನಮ್ಮ ಕಡೆ ನೆಲದಡಿಯ ಕಲ್ಲಿನಲ್ಲಿ ಫ್ಲೋರೈಡ್ ಇದೆ. ಬೋರ್‌ವೆಲ್ ನೀರು ಆ ಕಲ್ಲಿನ ಸಂದಿಗಳಲ್ಲಿ ಬಹಳ ಕಾಲ ನಿಂತು ಬರುವುದರಿಂದ ಫ್ಲೋರೈಡ್ ನೀರಿಗೆ ಸೇರುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿದ್ದರೆ ತೊಂದರೆ.

ಎನಾಮೆಲ್ ಕಟ್ಟುವ ಕಾಲದಲ್ಲಿ ಮಗುವಿನ ದೇಹಕ್ಕೆ ಫ್ಲೋರೈಡ್ ಹೆಚ್ಚು ಹೋದರೆ ಅಮೆಲೋಜೆನಿನ್ ತೆಗೆಯುವ ಕೆಲಸ ತಡವಾಗುತ್ತದೆ. ಒಂದಷ್ಟು ಪ್ರೋಟೀನ್ ಒಳಗೇ ಉಳಿದುಬಿಡುತ್ತದೆ. ಆ ಜಾಗದಲ್ಲಿ ಹರಳು ಪೂರ್ತಿ ತುಂಬದೆ ಕಣ್ಣಿಗೆ ಕಾಣದ ರಂಧ್ರಗಳಾಗುತ್ತವೆ. ಹಲ್ಲು ಮೂಡಿದಾಗ ಅಲ್ಲಿ ಸುಣ್ಣದಂಥ ಬಿಳಿ ಮಚ್ಚೆ ಕಾಣುತ್ತದೆ. ಮುಂದೆ ಚಹಾ, ಊಟದ ಬಣ್ಣ ಆ ರಂಧ್ರಗಳಿಗೆ ಇಳಿದು ಕಂದು ಗೆರೆಯಾಗುತ್ತದೆ. ಅಂದರೆ ನನ್ನ ಹಲ್ಲು ಸರಿಯಾದ ಸಮಯಕ್ಕೆ ಸೆಂಟ್ರಿಂಗ್ ಬಿಚ್ಚದ ಮೋಲ್ಡ್. ನಾವು ಊರು ಬಿಟ್ಟು ಪಟ್ಟಣಕ್ಕೆ ಬಂದ ಮೇಲೆ ಹುಟ್ಟಿದ ನನ್ನ ತಮ್ಮನ ಹಲ್ಲು ಮಲ್ಲಿಗೆ ಮೊಗ್ಗಿನ ಹಾಗಿದೆ. ಇಬ್ಬರದೂ ಒಂದೇ ಮನೆ, ಒಂದೇ ಪೇಸ್ಟು. ಬೇರೆಯಾಗಿದ್ದು ನೀರು ಮಾತ್ರ.

ಇದನ್ನು ತಿಳಿದ ಮೇಲೆ ಮೇಷ್ಟ್ರ ಮಾತಿಗೆ ನನ್ನಲ್ಲಿ ಒಂದು ಉತ್ತರ ಸಿಕ್ಕಿತು. ಮೂರು ವರ್ಷ ತಡವಾಗಿ ಸಿಕ್ಕಿತು, ಅಷ್ಟೇ.

ಎರಡನೇ ಸಾಲು: ಮೂಲ ಮಾನವ

ಅಮೆಲೋಜೆನಿನ್ ಬಗ್ಗೆ ಅಧ್ಯಯನ ಮಾಡಬೇಕೆಂದರೆ ಮೊದಲು ಅಮೆಲೋಜೆನಿನ್ ಬೇಕು. ಎಲ್ಲಿಂದ ತರುವುದು? ದೊಡ್ಡವರ ಹಲ್ಲಿನಲ್ಲಿ ಅದು ಹೆಚ್ಚು ಕಡಿಮೆ ಇರುವುದೇ ಇಲ್ಲ, ಮೊದಲೇ ತೆಗೆದುಹೋಗಿರುತ್ತದೆ. ಅದು ತುಂಬಿರುವುದು ದವಡೆಯೊಳಗೆ ಬೆಳೆಯುತ್ತಿರುವ ಎಳೆಯ ಹಲ್ಲಿನಲ್ಲಿ. ಮಕ್ಕಳ ದವಡೆ ಕೊಯ್ದು ಯಾರೂ ತೆಗೆಯಲಾಗದು. ಹಾಗಾಗಿ ವಿಜ್ಞಾನಿಗಳು ಬಹಳ ಕಾಲ ಕಸಾಯಿಖಾನೆಯಿಂದ ಬರುವ ಎಳೆಯ ಹಂದಿ, ಹಸು, ಕರುಗಳ ದವಡೆಗಳಿಂದ ಇದನ್ನು ಬೇರ್ಪಡಿಸುತ್ತಿದ್ದರು. ಇಲಿಗಳ ಮೇಲೂ ಅಧ್ಯಯನ ನಡೆಯಿತು, ಏಕೆಂದರೆ ಇಲಿಯ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. 2001ರಲ್ಲಿ ವಿಜ್ಞಾನಿಗಳು ಅಮೆಲೋಜೆನಿನ್ ಜೀನ್ ಕೆಲಸ ಮಾಡದ ಇಲಿಗಳನ್ನು ಬೆಳೆಸಿ ನೋಡಿದರು. ಅವುಗಳ ಹಲ್ಲು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಮಂಕಾಗಿ, ಎನಾಮೆಲ್ ತೀರಾ ತೆಳುವಾಗಿ, ಹರಳುಗಳು ಅಡ್ಡಾದಿಡ್ಡಿಯಾಗಿ ಬಂದವು. ಈ ಒಂದು ಪ್ರೋಟೀನ್ ಎಷ್ಟು ಮುಖ್ಯ ಎಂಬುದಕ್ಕೆ ಅದು ಸಾಕ್ಷಿ.

ಮನುಷ್ಯರಲ್ಲೂ ಈ ಜೀನ್ ಕೆಟ್ಟಿದ್ದರೆ ಹುಟ್ಟಿನಿಂದಲೇ ಎನಾಮೆಲ್ ಸರಿಯಾಗಿ ಬರದ ಒಂದು ಕಾಯಿಲೆ ಬರುತ್ತದೆ. ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ ಎಂದು ಅದರ ಹೆಸರು. ಇದು ವಂಶದಲ್ಲಿ ಬರುವಂಥದ್ದು, ನೀರಿನಿಂದ ಬರುವ ಫ್ಲೋರೋಸಿಸ್ ಬೇರೆ.

ಇನ್ನೊಂದು ಸ್ವಾರಸ್ಯ. ಈ ಜೀನ್ ನಮ್ಮ ಎಕ್ಸ್ ವರ್ಣತಂತುವಿನಲ್ಲಿ ಒಂದು, ವೈ ವರ್ಣತಂತುವಿನಲ್ಲಿ ಒಂದು ಇದೆ. ಎರಡಕ್ಕೂ ಸಣ್ಣ ವ್ಯತ್ಯಾಸ ಇದೆ. ಹಾಗಾಗಿ ಗುರುತು ಸಿಗದ ದೇಹ ಗಂಡಿನದೋ ಹೆಣ್ಣಿನದೋ ಎಂದು ತಿಳಿಯಲು ವಿಧಿವಿಜ್ಞಾನ ಪ್ರಯೋಗಾಲಯಗಳು ಇದೇ ಜೀನನ್ನು ಪರೀಕ್ಷಿಸುತ್ತವೆ. ಡಿಎನ್‌ಎ ಪೂರ್ತಿ ನಾಶವಾದರೂ ಎನಾಮೆಲಿನ ಹರಳುಗಳ ನಡುವೆ ಸಿಕ್ಕಿಕೊಂಡ ಅಮೆಲೋಜೆನಿನ್ ಚೂರುಗಳು ಸಾವಿರಾರು ವರ್ಷ ಉಳಿಯುತ್ತವೆ. ಸ್ಪೇನ್ ದೇಶದ ಸೆವಿಲ್ ನಗರದ ಹತ್ತಿರ ಆನೆದಂತ ಮತ್ತಿತರ ಬೆಲೆಬಾಳುವ ವಸ್ತುಗಳ ಜೊತೆ ಸಮಾಧಿಯಾಗಿದ್ದ ಸುಮಾರು 5000 ವರ್ಷ ಹಿಂದಿನ ಒಬ್ಬ ವ್ಯಕ್ತಿಯನ್ನು ಎಲ್ಲರೂ ಪ್ರಭಾವಿ ಗಂಡಸು ಎಂದೇ ತಿಳಿದಿದ್ದರು. 2023ರಲ್ಲಿ ಹಲ್ಲಿನ ಅಮೆಲೋಜೆನಿನ್ ನೋಡಿದಾಗ ಆಕೆ ಹೆಂಗಸು ಎಂದು ಗೊತ್ತಾಯಿತು!

ಮೂರನೇ ಸಾಲು: ರಿಕಾಂಬಿನಂಟ್

ಮಾನವ ಪ್ರೋಟೀನ್ ಬೇಕು, ಆದರೆ ಮಾನವನಿಂದ ತೆಗೆಯುವ ಹಾಗಿಲ್ಲ. ಈ ಸಮಸ್ಯೆಗೆ ಉತ್ತರವೇ ರಿಕಾಂಬಿನಂಟ್ ವಿಧಾನ. ಕನ್ನಡದಲ್ಲಿ ಇದನ್ನು ಮರುಸಂಯೋಜನೆ ಎನ್ನಬಹುದು. ಒಂದು ಜೀವಿಯ ಜೀನನ್ನು ಇನ್ನೊಂದು ಜೀವಿಯ ಡಿಎನ್‌ಎಗೆ ಜೋಡಿಸುವುದು ಎಂದರ್ಥ.

ಜೀನ್ ಎಂದರೆ ಪ್ರೋಟೀನ್ ಮಾಡುವ ಬರಹರೂಪದ ಸೂಚನೆ. ಬಿರಿಯಾನಿ ಮಾಡುವ ವಿಧಾನವನ್ನು ಬರೆದ ಚೀಟಿ ಇದ್ದ ಹಾಗೆ. ಆ ಚೀಟಿ ಯಾವ ಅಡುಗೆಮನೆಗೆ ಹೋದರೂ ಓದುವ ಭಟ್ಟ ಇದ್ದರೆ ಅಡುಗೆ ಆಗುತ್ತದೆ. ಈ ಸೂಚನೆಯ ಭಾಷೆ ಮನುಷ್ಯನಿಗೂ ಬ್ಯಾಕ್ಟೀರಿಯಾಕ್ಕೂ ಒಂದೇ ಎಂಬುದು ಸೃಷ್ಟಿಯ ದೊಡ್ಡ ಅಚ್ಚರಿ.

ವಿಜ್ಞಾನಿಗಳು ಮಾನವ ಅಮೆಲೋಜೆನಿನ್‌ನ ಸೂಚನೆಯನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದೊಳಗೆ ಜೋಡಿಸುತ್ತಾರೆ. ಆ ಉಂಗುರವನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರೆ. ಇ. ಕೋಲಿ ನಮ್ಮ ಕರುಳಿನಲ್ಲೂ ಇರುವ ಜೀವಿ. ಪ್ರಯೋಗಾಲಯದಲ್ಲಿ ಬಳಸುವುದು ಅದರ ನಿರುಪದ್ರವಿ ತಳಿ. ಒಳ್ಳೆಯ ಪೋಷಕಾಂಶ ಇರುವ ದ್ರವದಲ್ಲಿ 37 ಡಿಗ್ರಿ ಶಾಖದಲ್ಲಿ ಬಿಟ್ಟರೆ ಅದು ಸುಮಾರು 20 ನಿಮಿಷಕ್ಕೆ ಒಮ್ಮೆ ಇಮ್ಮಡಿಯಾಗುತ್ತದೆ. ಚಕ್ರಬಡ್ಡಿ ಲೆಕ್ಕ ಮಾಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಒಂದು ಗಂಟೆಗೆ 1 ಇದ್ದದ್ದು 8, ಎರಡು ಗಂಟೆಗೆ 64, ಮೂರು ಗಂಟೆಗೆ 512! ಸಾಕಷ್ಟು ಬೆಳೆದ ಮೇಲೆ ಒಂದು ರಾಸಾಯನಿಕ ಹಾಕಿ "ಈಗ ಶುರು ಮಾಡಿ" ಎಂದು ಸೂಚನೆ ಕೊಡುತ್ತಾರೆ. ಆಗ ಎಲ್ಲ ಬ್ಯಾಕ್ಟೀರಿಯಾಗಳೂ ತಮಗೆ ಹಲ್ಲೇ ಇಲ್ಲದಿದ್ದರೂ ಮನುಷ್ಯನ ಹಲ್ಲಿನ ಪ್ರೋಟೀನನ್ನು ತಯಾರಿಸತೊಡಗುತ್ತವೆ.

ನಾಲ್ಕನೇ, ಐದನೇ ಸಾಲು: ಟ್ಯಾಗ್ ಮತ್ತು ಶುದ್ಧತೆ

ಈಗ ಬ್ಯಾಕ್ಟೀರಿಯಾವನ್ನು ಒಡೆದರೆ ನಮಗೆ ಬೇಕಾದ ಪ್ರೋಟೀನ್ ಜೊತೆ ಅದರ ಸ್ವಂತ ಪ್ರೋಟೀನ್‌ಗಳು ಸಾವಿರಾರು ಸಿಗುತ್ತವೆ. ಬೇಕಾದದ್ದನ್ನು ಆರಿಸುವುದು ಹೇಗೆ? ಅದಕ್ಕೇ ಟ್ಯಾಗ್. ಮೊದಲೇ ಸೂಚನೆಯಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಸಾಮಾನ್ಯವಾಗಿ ಆರು ಸಲ ಸೇರಿಸಿ ಬಾಲ ಕಟ್ಟಿರುತ್ತಾರೆ. ಹಿಸ್ಟಿಡಿನ್ ಬಾಲ ನಿಕ್ಕಲ್ ಲೋಹಕ್ಕೆ ಅಂಟುತ್ತದೆ. ನಿಕ್ಕಲ್ ತುಂಬಿದ ಕೊಳವೆಯಲ್ಲಿ ಎಲ್ಲವನ್ನೂ ಹರಿಸಿದರೆ ಬಾಲ ಇರುವುದು ಅಂಟಿ ಉಳಿಯುತ್ತದೆ, ಬೇರೆಯದು ಹೆಚ್ಚಿನಂಶ ಹರಿದುಹೋಗುತ್ತದೆ. ಬಸ್‌ಸ್ಟಾಂಡಿನಲ್ಲಿ ನಮ್ಮ ಮೂಟೆಗೆ ಕೆಂಪು ದಾರ ಕಟ್ಟುವುದಿಲ್ಲವೇ, ಹಾಗೆ.

ಅಮೆಲೋಜೆನಿನ್‌ಗೆ ಇನ್ನೊಂದು ಸುಲಭ ಉಪಾಯವೂ ಇದೆಯಂತೆ. ವಿನೆಗರ್‌ನಲ್ಲಿ ಇರುವ ಅಸಿಟಿಕ್ ಆಮ್ಲ ಹಾಕಿ ಬಿಸಿ ಮಾಡಿದರೆ ಬ್ಯಾಕ್ಟೀರಿಯಾದ ಹೆಚ್ಚಿನ ಪ್ರೋಟೀನ್‌ಗಳು ನಿಂಬೆಹಣ್ಣು ಹಿಂಡಿದ ಹಾಲಿನ ಹಾಗೆ ಒಡೆದು ತಳಕ್ಕೆ ಕೂರುತ್ತವೆ. ಅಮೆಲೋಜೆನಿನ್ ಮಾತ್ರ ಕರಗಿದ ಸ್ಥಿತಿಯಲ್ಲೇ ಉಳಿಯುತ್ತದೆ. ಪನೀರು ಮಾಡುವಾಗ ನಮಗೆ ಬೇಕಾದದ್ದು ಮೇಲಿನ ಗಟ್ಟಿ, ಇಲ್ಲಿ ಬೇಕಾದದ್ದು ತಿಳಿನೀರು.

ಶುದ್ಧತೆ ಶೇಕಡ 90 ಎಂದರೆ ಚಿನ್ನದ ಕ್ಯಾರೆಟ್ ಇದ್ದ ಹಾಗೆ. ಉಳಿದ ಪಾಲಿನಲ್ಲಿ ಬ್ಯಾಕ್ಟೀರಿಯಾದ ಚೂರುಗಳು ಇರಬಹುದು. ಇ. ಕೋಲಿಯ ಹೊರಗೋಡೆಯ ಎಂಡೋಟಾಕ್ಸಿನ್ ಎಂಬ ವಸ್ತು ಅಷ್ಟಿಷ್ಟು ಉಳಿದು ರಕ್ತಕ್ಕೆ ಹೋದರೂ ಜ್ವರ ಬರಿಸುತ್ತದೆ. ಔಷಧವಾಗಿ ಕೊಡುವ ಪ್ರೋಟೀನನ್ನು ಇದಕ್ಕಿಂತ ಎಷ್ಟೋ ಹೆಚ್ಚು ಶುದ್ಧ ಮಾಡಬೇಕಾಗುತ್ತದೆ.

ನಕಲು ಎಷ್ಟೇ ಚೆನ್ನಾಗಿದ್ದರೂ ಅಸಲಿಗೂ ನಕಲಿಗೂ ಒಂದು ಸಣ್ಣ ವ್ಯತ್ಯಾಸ ಉಳಿಯುತ್ತದೆ. ಮನುಷ್ಯರಲ್ಲಿ ಹೆಚ್ಚಾಗಿ ಸಿಗುವ ಅಮೆಲೋಜೆನಿನ್ 175 ಅಮೈನೋ ಆಮ್ಲಗಳ ಸರ. ಅದರಲ್ಲಿ 16ನೇ ಮಣಿಗೆ ನಮ್ಮ ಕೋಶಗಳು ಒಂದು ಫಾಸ್ಫೇಟ್ ಅಂಟಿಸುತ್ತವೆ. ಬ್ಯಾಕ್ಟೀರಿಯಾಕ್ಕೆ ಆ ಕೆಲಸ ಬಾರದು. ಆ ಒಂದು ಫಾಸ್ಫೇಟ್ ಇದ್ದಾಗ ಮತ್ತು ಇಲ್ಲದಾಗ ಹರಳು ಬೆಳೆಯುವುದರಲ್ಲಿ ಏನು ವ್ಯತ್ಯಾಸ ಎಂಬುದೇ ಸಂಶೋಧಕರಿಗೆ ಒಂದು ವಿಷಯ.

ಇಷ್ಟೆಲ್ಲ ಆದ ಮೇಲೆ ಪ್ರೋಟೀನನ್ನು ಒಣಗಿಸಿ, ಕಿರುಬೆರಳಿನಷ್ಟಿರುವ ಶೀಶೆಯಲ್ಲಿ ತುಂಬಿ ಮೈಕ್ರೋಗ್ರಾಂ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಗ್ರಾಂಗೆ ಹತ್ತು ಲಕ್ಷ ಮೈಕ್ರೋಗ್ರಾಂ. ಶೀಶೆಯ ತಳದಲ್ಲಿ ಪುಡಿ ಕಣ್ಣಿಗೆ ಕಂಡರೆ ಹೆಚ್ಚು. ಶೈತ್ಯದಲ್ಲಿ ಇಡದಿದ್ದರೆ ಕೆಡುತ್ತದೆ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೂ ಕೆಡುತ್ತದೆ.

ಹಂದಿಯ ಪ್ರಶ್ನೆ

ಇಲ್ಲಿ ಒಂದು ವಿಷಯ ಹೇಳಲೇಬೇಕು. ವಸಡಿನ ರೋಗದಿಂದ ಹಲ್ಲಿನ ಸುತ್ತಲ ಮೂಳೆ ಕರಗಿದಾಗ, ಶಸ್ತ್ರಚಿಕಿತ್ಸೆ ಮಾಡುವಾಗ ಹಚ್ಚುವ ಒಂದು ಜೆಲ್ ಇದೆ. 1990ರ ದಶಕದಲ್ಲಿ ಸ್ವೀಡನ್ನಿನಿಂದ ಬಂದ ಎಮ್‌ಡೊಗೇನ್ ಅದರ ಹೆಸರು. ಅದರಲ್ಲಿರುವ ಮುಖ್ಯ ಪದಾರ್ಥ ಅಮೆಲೋಜೆನಿನ್. ಆದರೆ ಅದನ್ನು ತೆಗೆಯುವುದು ಎಳೆಯ ಹಂದಿಗಳ ಬೆಳೆಯುತ್ತಿರುವ ಹಲ್ಲಿನಿಂದ. ನಮ್ಮಂಥ ಮನೆಯವರಿಗೆ ಇದು ತಿಳಿಯಬೇಕಾದ ವಿಷಯವೇ. ಚಿಕಿತ್ಸೆಗೆ ಬೇರೆ ದಾರಿ ಇಲ್ಲದಾಗ ಏನು ಮಾಡಬೇಕೆಂಬ ಮಸಲಾ ಹೇಳುವಷ್ಟು ಇಲ್ಮ್ ನನಗಿಲ್ಲ, ಅದನ್ನು ಆಲಿಮರನ್ನೇ ಕೇಳಬೇಕು. ಆದರೆ ಬಿಸಿನೆಸ್ ಸ್ಟಡೀಸ್‌ನಲ್ಲಿ ನಾವು ಗ್ರಾಹಕರ ಹಕ್ಕುಗಳನ್ನು ಓದಿದ್ದೇವೆ. ಮಾಹಿತಿ ಪಡೆಯುವುದು ಅದರಲ್ಲೊಂದು. "ಡಾಕ್ಟ್ರೇ, ಇದು ಯಾವುದರಿಂದ ಮಾಡಿದ್ದು? ಬೇರೆ ದಾರಿ ಇದೆಯಾ?" ಎಂದು ಕೇಳಲು ನಾಚಿಕೆ ಬೇಡ.

ಇಂಥದ್ದೇ ದಾರಿಯಲ್ಲಿ ಹಿಂದೆ ನಡೆದುಬಂದದ್ದು ಇನ್ಸುಲಿನ್. ನಮ್ಮ ದಾದಿಗೆ ಶುಗರ್ ಇದೆ, ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಹಿಂದೆ ಇನ್ಸುಲಿನ್ ಬರುತ್ತಿದ್ದುದು ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಇ. ಕೋಲಿಯಿಂದ ಮಾನವ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅದಕ್ಕೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಒಂದು ಬಗೆಯ ಯೀಸ್ಟ್ ಬಳಸಿ ಮಾನವ ಇನ್ಸುಲಿನ್ ಮಾಡಿ ಮಾರುಕಟ್ಟೆಗೆ ತಂದಿತು. ಇದನ್ನು ದಾದಿಗೆ ಹೇಳಿದಾಗ ಅವರು ಸಿರಿಂಜನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ಚಿಕ್ಕ ಜೀವಿ ಕೈಲಿ ಇಷ್ಟು ದೊಡ್ಡ ಕೆಲಸ! ಸುಭಾನಲ್ಲಾ" ಎಂದರು.

ಹಾಗಾದರೆ ರಿಕಾಂಬಿನಂಟ್ ಅಮೆಲೋಜೆನಿನ್ ಕೂಡ ನಾಳೆ ಔಷಧವಾಗಬಹುದಲ್ಲ? ಆಗಬಹುದು ಎಂಬ ಆಸೆಯಿಂದಲೇ ಸಂಶೋಧನೆ ನಡೆಯುತ್ತಿದೆ. ಆದರೆ ಲೇಬಲ್ಲಿನ ಕೊನೆಯ ಸಾಲು ಬಾಕಿ ಇದೆ.

ಕೊನೆಯ ಸಾಲು: ಸಂಶೋಧನಾ ಬಳಕೆಗೆ ಮಾತ್ರ

ಇದು ಔಷಧವಲ್ಲ, ಮನುಷ್ಯರ ಮೇಲೆ ಬಳಸಬಾರದು ಎಂದು ಈ ಸಾಲಿನ ಅರ್ಥ. ಹಾಗಾದರೆ ಯಾರಿಗೆ ಬೇಕು? ಗಾಜಿನ ತಟ್ಟೆಯಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಜೊತೆ ಇದನ್ನು ಬೆರೆಸಿ ಹರಳು ಹೇಗೆ ಬೆಳೆಯುತ್ತದೆ ಎಂದು ನೋಡುವವರಿಗೆ ಬೇಕು. ಕಿಣ್ವ ಇದನ್ನು ಎಲ್ಲಿ ಕತ್ತರಿಸುತ್ತದೆ, ಫ್ಲೋರೈಡ್ ಇದ್ದಾಗ ಏನಾಗುತ್ತದೆ ಎಂದು ಪರೀಕ್ಷಿಸುವವರಿಗೆ ಬೇಕು. ವಸಡಿನ ಕೋಶಗಳ ಮೇಲೆ ಇದರ ಪರಿಣಾಮ ನೋಡುವವರಿಗೂ ಬೇಕು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನೆಟ್ ಮೊರಾಡಿಯನ್-ಓಲ್ಡಕ್ ಅವರ ತಂಡ ಅಮೆಲೋಜೆನಿನನ್ನು ಕೈಟೋಸಾನ್ ಎಂಬ ವಸ್ತುವಿನ ಜೆಲ್ ಜೊತೆ ಸೇರಿಸಿ, ಆಮ್ಲದಿಂದ ಸವೆಸಿದ ಹಲ್ಲಿನ ಮೇಲೆ ಹಚ್ಚಿ, ಎನಾಮೆಲಿನಂಥ ತೆಳುವಾದ ಪದರ ಬೆಳೆಯುವುದನ್ನು ತೋರಿಸಿದೆ. ಆದರೆ ಆ ಹಲ್ಲುಗಳು ಕಿತ್ತ ಹಲ್ಲುಗಳು, ಪ್ರಯೋಗಾಲಯದ ಪಾತ್ರೆಯಲ್ಲಿದ್ದವು. ಬೆಳೆದ ಪದರ ಮೈಕ್ರೋಮೀಟರ್ ಲೆಕ್ಕದ್ದು. ಬಾಯೊಳಗೆ ಎಂಜಲು, ಊಟ, ಹುಳಿ, ಬ್ಯಾಕ್ಟೀರಿಯಾ ಎಲ್ಲ ಇರುತ್ತವೆ.

ಪ್ರಯೋಗಾಲಯದ ಶೀಶೆಗೂ ನಮ್ಮ ಬಾಯಿಗೂ ನಡುವೆ ಪ್ರಾಣಿಗಳ ಮೇಲಿನ ಪರೀಕ್ಷೆ, ಮನುಷ್ಯರ ಮೇಲೆ ಹಂತ ಹಂತದ ಪರೀಕ್ಷೆ, ಸರ್ಕಾರದ ಒಪ್ಪಿಗೆ ಎಂಬ ಮೆಟ್ಟಿಲುಗಳಿವೆ. ಒಂದು ಮೆಟ್ಟಿಲೂ ತಪ್ಪಿಸುವ ಹಾಗಿಲ್ಲ. "ಏಳೇ ದಿನದಲ್ಲಿ ಎನಾಮೆಲ್ ಮತ್ತೆ ಬೆಳೆಯುತ್ತದೆ" ಎಂದು ಮೊಬೈಲಿನಲ್ಲಿ ಬರುವ ಜಾಹೀರಾತು ಕಂಡರೆ ಈ ಸಾಲನ್ನು ನೆನಪಿಸಿಕೊಳ್ಳಿ. ಕಂದು ಕಲೆ ತೆಗೆಯಬೇಕೆಂದು ಉಪ್ಪು, ಇದ್ದಿಲು, ನಿಂಬೆರಸ ಹಾಕಿ ತಿಕ್ಕಬೇಡಿ. ನಾನು ತಿಕ್ಕಿದ್ದೇನೆ. ಕಲೆ ಹೋಗಲಿಲ್ಲ, ತಣ್ಣೀರು ಕುಡಿದರೆ ಜುಂ ಎನ್ನುವುದು ಶುರುವಾಯಿತು. ಕಲೆ ಕಾಣದಂತೆ ಮಾಡಲು ದಂತವೈದ್ಯರ ಬಳಿ ಈಗಲೇ ದಾರಿಗಳಿವೆ. ಮೇಲ್ಪದರವನ್ನು ನವಿರಾಗಿ ಉಜ್ಜುವುದು, ಹಲ್ಲಿನ ಬಣ್ಣದ ಲೇಪನ ಹಾಕುವುದು ಇತ್ಯಾದಿ. ಅವು ಹೊಸ ಎನಾಮೆಲ್ ಕೊಡುವುದಿಲ್ಲ, ಇರುವುದನ್ನು ಚಂದ ಮಾಡುತ್ತವೆ.

ನಾವು ಮಾಡಬಹುದಾದದ್ದು

ಈ ವಿಷಯ ಓದುತ್ತಾ ನನಗೆ ಇದ್ದಕ್ಕಿದ್ದಂತೆ ನೆನಪಾದದ್ದು ಊರಲ್ಲಿರುವ ಚಾಚಾ ಮಗಳು. ಅವಳಿಗೆ ಎರಡು ವರ್ಷ. ಬಾಯಲ್ಲಿ ಹಾಲುಹಲ್ಲು ಮಾತ್ರ ಕಾಣುತ್ತವೆ. ಆದರೆ ಮುಂದೆ ಬರಬೇಕಾದ ಶಾಶ್ವತ ಹಲ್ಲುಗಳು ಅವಳ ದವಡೆಯೊಳಗೆ ಈಗಲೇ ತಯಾರಾಗುತ್ತಿವೆ. ಮುಂದಿನ ಹಲ್ಲುಗಳ ಎನಾಮೆಲ್ ಹುಟ್ಟಿದ ಕೆಲವೇ ತಿಂಗಳಿಗೆ ಶುರುವಾಗಿ ನಾಲ್ಕೈದು ವರ್ಷದೊಳಗೆ ಮುಗಿದುಬಿಡುತ್ತದೆ. ಅವಳ ಹಲ್ಲಿಗೆ ಮೋಲ್ಡ್ ಹಾಕುತ್ತಿರುವುದು ಈಗ. ಅವಳು ಕುಡಿಯುತ್ತಿದ್ದುದು ನಾನು ಕುಡಿದ ಅದೇ ಬೋರ್‌ವೆಲ್ ನೀರು.

ಅಬ್ಬಾ ಮತ್ತು ನಾನು ಚಾಚಾಗೆ ಫೋನ್ ಮಾಡಿ ಹೇಳಿದೆವು. "ನೀರು ಕಾಯಿಸಿಯೇ ಕೊಡ್ತೀವಲ್ಲ" ಎಂದರು ಚಾಚಿ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಚಾಚಾ ಬಾಟಲಿಯಲ್ಲಿ ನೀರು ತಂದು ಪರೀಕ್ಷೆ ಮಾಡಿಸಿದರು. ಫ್ಲೋರೈಡ್ ಮಿತಿಗಿಂತ ಹೆಚ್ಚೇ ಇತ್ತು. ಈಗ ಪಕ್ಕದ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಬೈಕಿನಲ್ಲಿ ಕ್ಯಾನ್ ತರುತ್ತಿದ್ದಾರೆ. ಆರ್‌ಓ ಯಂತ್ರ ಫ್ಲೋರೈಡನ್ನು ಬಹುಪಾಲು ತೆಗೆಯುತ್ತದೆ.

ಒಂದು ತಪ್ಪು ತಿಳಿವಳಿಕೆ ಬೇಡ. ಫ್ಲೋರೈಡ್ ಪೂರ್ತಿ ಶತ್ರುವಲ್ಲ. ಪೇಸ್ಟಿನಲ್ಲಿ ಇರುವ ಅಲ್ಪ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆಮೇಲೆ ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಉಗಿಯಲು ಕಲಿಸಬೇಕು, ನುಂಗಲು ಬಿಡಬಾರದು. ಉಪ್ಪು ಸಾರಿಗೂ ಬೇಕು, ಹೆಚ್ಚಾದರೆ ಸಾರೇ ಕೆಡುತ್ತದೆ.

ನಮ್ಮ ಕಾಲೇಜಿಗೆ ಬೋರ್‌ವೆಲ್ ನೀರಿನ ಊರುಗಳಿಂದ ಬರುವವರು ಬಹಳ ಜನ ಇದ್ದಾರೆ. ನಿಮ್ಮ ಮನೆಯಲ್ಲಿ ಎಂಟು ವರ್ಷದೊಳಗಿನ ತಮ್ಮ ತಂಗಿಯರಿದ್ದರೆ ದಯವಿಟ್ಟು ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಕಂದು ಹಲ್ಲಿನ ಗೆಳೆಯನನ್ನು ಕಂಡರೆ ಗುಟ್ಕಾ ಬಗ್ಗೆ ಕೇಳುವ ಮೊದಲು ಅವನ ಊರು ಯಾವುದೆಂದು ಕೇಳಿ.

ಆ ಶೀಶೆಯ ಕೊನೆಯ ಸಾಲು ಬದಲಾಗಲು ಎಷ್ಟು ವರ್ಷ ಬೇಕೋ ಗೊತ್ತಿಲ್ಲ. ಅಲ್ಲಿಯವರೆಗೆ ನನ್ನ ಹಲ್ಲು ಹೀಗೇ ಇರುತ್ತದೆ. ಚಾಚಾ ಮಗಳ ಹಲ್ಲು ಹೀಗಾಗದಿರಲು 20 ಲೀಟರಿನ ಒಂದು ಕ್ಯಾನ್ ನೀರು ಸಾಕು.